ಕಪ್ಪು ಗಾಜಿನ ಗಿರಾಕಿಗಳು

ದೇವನಹಳ್ಳಿಯಲ್ಲಿ ನಾನು ಕ್ಯಾಮರಾ ಸಾಮಾನಿನ ಅಂಗಡಿ ಇಟ್ಟು ಹನ್ನೊಂದು ವರ್ಷವಾಯಿತು. ಇಷ್ಟು ವರ್ಷದಲ್ಲಿ ಕ್ಯಾಮರಾಗಳು ಬಹಳ ಬುದ್ಧಿ ಕಲಿತಿವೆ. ಎದುರಿಗಿರುವವರ ಕಣ್ಣು ಎಲ್ಲಿದೆ ಅಂತ ತಾವೇ ಹುಡುಕುತ್ತವೆ, ಕೈ ನಡುಗಿದರೆ ತಾವೇ ಸರಿಮಾಡಿಕೊಳ್ಳುತ್ತವೆ. ಕ್ಯಾಮರಾ ಹಿಡಿಯುವವರು ಏನಾದರೂ ಕಲಿತದ್ದನ್ನು ಮಾತ್ರ ನಾನು ಕಾಣೆ. ಅದರಲ್ಲೂ ಎನ್‌ಡಿ ಫಿಲ್ಟರ್ ಕೇಳಿಕೊಂಡು ಯಾರಾದರೂ ಮೆಟ್ಟಿಲು ಹತ್ತಿದರೆ, ವಾರಕ್ಕೊಂದು ಕಥೆ ಗ್ಯಾರಂಟಿ.

ಎನ್‌ಡಿ ಫಿಲ್ಟರ್ ಅಂದರೆ ದೊಡ್ಡ ವಿದ್ಯೆಯೇನಲ್ಲ. ಲೆನ್ಸಿನ ಮೂತಿಗೆ ತಿರುಪಿ ಹಾಕುವ ಕಪ್ಪು ಗಾಜು. ಬಣ್ಣ ಕೆಡಿಸದೆ, ಒಳಗೆ ಹೋಗುವ ಬೆಳಕನ್ನಷ್ಟೇ ತಗ್ಗಿಸುತ್ತದೆ. ಬಿಸಿಲಿಗೆ ನಾವು ಕೂಲಿಂಗ್ ಗ್ಲಾಸ್ ಹಾಕಿಕೊಂಡ ಹಾಗೆ. ಇಷ್ಟು ಹೇಳುವುದಕ್ಕೆ ನನಗೆ ಅರ್ಧ ನಿಮಿಷ ಸಾಕು. ತಿಳಿದುಕೊಳ್ಳುವುದಕ್ಕೆ ಅವರಿಗೆ ಹನ್ನೊಂದು ವರ್ಷವೂ ಸಾಲುತ್ತಿಲ್ಲ.

೧. ಐವತ್ತು ಅಂದ್ರೆ ಐವತ್ತೇ

ಹೈಸ್ಕೂಲಿನಲ್ಲಿ ಗಣಿತ ಹೇಳುವ ಮೇಷ್ಟ್ರೊಬ್ಬರು ಹೊಸದಾಗಿ ಕ್ಯಾಮರಾ ಕೊಂಡಿದ್ದರು. ಅಂಗಡಿಗೆ ಬಂದು, "ನಂದು ಐವತ್ತು ಎಂಎಂ ಲೆನ್ಸು. ಐವತ್ತು ಎಂಎಂ ಎನ್‌ಡಿ ಫಿಲ್ಟರ್ ಕೊಡಪ್ಪ" ಅಂದರು.

"ಸಾರ್, ಆ ಐವತ್ತು ಲೆನ್ಸು ಎಷ್ಟು ಹತ್ತಿರಕ್ಕೆ ಎಳೆಯುತ್ತೆ ಅನ್ನೋ ಲೆಕ್ಕ, ಲೆನ್ಸಿನ ಬಾಯಿ ಅಗಲ ಬೇರೆ. ಮೂತಿ ಮೇಲೆ ಸೊನ್ನೆಗೆ ಗೀಟು ಎಳೆದ ಹಾಗೆ ಒಂದು ಗುರುತಿರುತ್ತೆ. ಅದರ ಪಕ್ಕದ ನಂಬರ್ ನೋಡ್ಕೊಂಡು ಬನ್ನಿ."

"ಇಪ್ಪತ್ತೆರಡು ವರ್ಷದಿಂದ ಮಕ್ಕಳಿಗೆ ಲೆಕ್ಕ ಹೇಳ್ಕೊಡ್ತಾ ಇದೀನಿ. ಐವತ್ತು ಅಂದ್ರೆ ಐವತ್ತೇ."

ಐವತ್ತರ ಅಳತೆ ನನ್ನಲ್ಲಿರಲಿಲ್ಲ. ಐವತ್ತೆರಡು ಇತ್ತು. "ಎರಡು ಜಾಸ್ತಿ ಇದ್ರೆ ನಷ್ಟ ಇಲ್ಲ" ಅಂತ ಅದನ್ನೇ ತೆಗೆದುಕೊಂಡು ಹೋದರು.

ಮುಂದಿನ ವಾರ ಮತ್ತೆ ಬಂದರು. "ಮನೆಯೊಳಗೆ ತೆಗೆದ ಫೋಟೋ ಎಲ್ಲ ಕತ್ತಲೆ ಬರ್ತಿದೆ."

"ಒಳಗಡೆ ಫಿಲ್ಟರ್ ಬೇಕಾಗಿಲ್ಲ ಸಾರ್, ಬಿಚ್ಚಿಡಿ."

"ಬಿಚ್ಚಕ್ಕೆ ಬರ್ತಿಲ್ಲ."

ನೋಡುತ್ತೇನೆ, ಅವರ ಲೆನ್ಸಿನ ಬಾಯಿ ನಲವತ್ತೊಂಬತ್ತು. ಫಿಲ್ಟರ್ ಲೊಡಲೊಡ ಅಂದಿದೆ. ಪೈಪು ಸೋರಿದರೆ ಮೆತ್ತುವ ಅಂಟು ತಂದು ಸುತ್ತಲೂ ಮೆತ್ತಿಬಿಟ್ಟಿದ್ದಾರೆ. ಮಕ್ಕಳು ತಪ್ಪು ಉತ್ತರ ಬರೆದರೆ ಮೇಷ್ಟ್ರು ಕೆಂಪು ಗೀಟು ಎಳೆಯುತ್ತಾರೆ. ತಮ್ಮ ಉತ್ತರ ತಪ್ಪಾದರೆ ಅಂಟು ಹಾಕಿ ಗಟ್ಟಿ ಮಾಡುತ್ತಾರೆ ಅಂತ ನನಗೆ ಅವತ್ತು ತಿಳಿಯಿತು.

೨. ಬೆಳ್ಳಗೆ ಮಾಡುವ ಗಾಜು

ಮದುವೆಗೆ ಮುಂಚಿನ ಫೋಟೋ ಶೂಟಿಗೆ ಅಂತ ಒಂದು ಜೋಡಿ ಬಂದಿತ್ತು. ಜೊತೆಗೆ ಗಂಡಿನ ಅಕ್ಕ. ಅಕ್ಕನೇ ಎಲ್ಲ ಮಾತಾಡಿದರು.

"ನಮ್ಮ ಹುಡುಗಿ ಬಣ್ಣ ಸ್ವಲ್ಪ ಕಮ್ಮಿ ರೀ. ಬೆಳ್ಳಗೆ ಬರೋ ಹಾಗೆ ಯಾವುದಾದ್ರೂ ಫಿಲ್ಟರ್ ಹಾಕಿ."

ಹುಡುಗಿ ಅಲ್ಲೇ ನಿಂತಿದ್ದಾಳೆ. ನಾನು ಎನ್‌ಡಿ ಫಿಲ್ಟರ್ ತೆಗೆದು ಗಲ್ಲಾದ ಮೇಲಿಟ್ಟೆ. "ಬಿಸಿಲಲ್ಲಿ ತೆಗೆಯಕ್ಕೆ ಇದು ಬೇಕಾಗುತ್ತೆ ಅಷ್ಟೇ. ಬೆಳ್ಳಗೆ ಮಾಡೋದು ನನ್ನತ್ರ ಇಲ್ಲಮ್ಮ."

ಆಕೆ ಅದನ್ನು ಕಣ್ಣಿಗೆ ಹಿಡಿದು ನನ್ನನ್ನು ನೋಡಿದರು, ತಮ್ಮನನ್ನು ನೋಡಿದರು, ಬೀದಿ ನೋಡಿದರು. "ಇದೇನ್ರೀ, ಇದರಲ್ಲಿ ಎಲ್ಲರೂ ಕಪ್ಪಗೇ ಕಾಣ್ತಾರೆ."

ಹುಡುಗಿ ಮೆಲ್ಲಗೆ ಹೇಳಿದಳು: "ಹಾಗಾದ್ರೆ ಅದನ್ನ ನೀವೇ ಕಣ್ಣಿಗೆ ಹಾಕ್ಕೊಂಡಿರಿ ಅತ್ತಿಗೆ. ನಾನೊಬ್ಬಳೇ ಕಪ್ಪು ಅನ್ನೋ ಯೋಚನೆ ಇರಲ್ಲ."

೩. ಹಗಲಲ್ಲೇ ಕತ್ತಲೆ

ಮೊಬೈಲಿನಲ್ಲಿ ವಿಡಿಯೋ ಹಾಕಿ ಹೆಸರು ಮಾಡಲು ಹೊರಟ ಆಸಾಮಿಯೊಬ್ಬ ಬಂದ. ನಲ್ಲೂರಿನ ಹುಣಸೆ ತೋಪಿನ ಮೇಲೆ ಸಿನಿಮಾ ಥರ ವಿಡಿಯೋ ಮಾಡುತ್ತಾನಂತೆ.

"ಗುರು, ನಿಮ್ಮತ್ರ ಇರೋದ್ರಲ್ಲಿ ದೊಡ್ಡ ನಂಬರ್ ಎನ್‌ಡಿ ಯಾವುದು?"

"ಸಾವಿರದ್ದಿದೆ. ಸಾವಿರದಲ್ಲಿ ಒಂದು ಪಾಲು ಬೆಳಕು ಮಾತ್ರ ಒಳಗೆ ಬಿಡುತ್ತೆ. ವಿಡಿಯೋಗೆ ಆಗಲ್ಲ. ತೋಪಿನಲ್ಲಿ ನೆರಳು ಬೇರೆ, ನಿಮಗೆ ಫಿಲ್ಟರೇ ಬೇಡ. ಬೇಕೇ ಬೇಕು ಅಂದ್ರೆ ಎಂಟರದ್ದು ತಗೊಳ್ಳಿ."

"ಎಂಟಾ?" ಅಂದ. ನಾನು ಅವನಿಗೆ ಬೈದೆನೇನೋ ಅನ್ನುವ ಹಾಗೆ ಮುಖ ಮಾಡಿದ. "ಸಾವಿರ ಇಟ್ಕೊಂಡು ಎಂಟು ಯಾಕೆ ಗುರು ಮಾರ್ತೀರಾ? ಅದನ್ನೇ ಕೊಡಿ."

ಎರಡು ದಿನ ಬಿಟ್ಟು ವಿಡಿಯೋ ತಂದು ತೋರಿಸಿದ. ಪರದೆ ತುಂಬ ಕತ್ತಲು. ಕತ್ತಲೊಳಗಿಂದ ಅವನ ದನಿ: "ಫ್ರೆಂಡ್ಸ್, ಎಷ್ಟು ಹಳೇ ಮರ ನೋಡ್ತಾ ಇದೀರಲ್ಲ..."

"ತೆಗೆಯುವಾಗಲೇ ಕಾಣಿಸಲಿಲ್ವಾ?" ಅಂದೆ.

"ಸ್ಕ್ರೀನ್ ಬ್ರೈಟ್‌ನೆಸ್ ಕಮ್ಮಿ ಇದೆ ಅನ್ಕೊಂಡೆ ಗುರು."

ಬೇರೆ ಯಾರಾದರೂ ಆಗಿದ್ದರೆ ನಾಚಿಕೆಯಿಂದ ಅಳಿಸಿಹಾಕುತ್ತಿದ್ದರು. ಇವನು ಅದನ್ನೇ 'ಮಟಮಟ ಮಧ್ಯಾಹ್ನ ಕತ್ತಲಾಗುವ ತೋಪಿನ ರಹಸ್ಯ' ಅಂತ ಹೆಸರಿಟ್ಟು ಹಾಕಿದ. ಅವನ ಬೇರೆ ಯಾವ ವಿಡಿಯೋವನ್ನೂ ಜನ ಅಷ್ಟು ನೋಡಿರಲಿಲ್ಲ. ಆ ವಾರದಲ್ಲೇ ಇನ್ನೂ ಮೂರು ಜನ ನನ್ನ ಅಂಗಡಿಗೆ ಬಂದರು. ಮೂವರಿಗೂ ಸಾವಿರದ್ದೇ ಬೇಕಂತೆ. ಎಂಟು ಹಾಕಿದರೆ ರಹಸ್ಯ ಕಾಣಲ್ಲವಂತೆ.

೪. ಜನ ಮಾಯ ಮಾಡುವ ಗಾಜು

ನಂದಗುಡಿ ಕಡೆ ಲೇಔಟ್ ಮಾಡುತ್ತಿದ್ದ ಬ್ರೋಕರ್ ಒಬ್ಬರು ಬಿಳಿ ಕಾರಿನಲ್ಲಿ ಬಂದಿಳಿದರು. "ಜನ ಮಾಯ ಆಗೋ ಗಾಜು ಇದೆಯಂತಲ್ಲ, ಕೊಡಪ್ಪ. ಜಾಹೀರಾತಿಗೆ ಫೋಟೋ ಬೇಕು. ಜಾಗ ಖಾಲಿ ಕಾಣಬೇಕು."

ಹೇಳಿದವರು ಸುಳ್ಳೇನೂ ಹೇಳಿರಲಿಲ್ಲ. ಕಪ್ಪು ಗಾಜು ಬಹಳ ದಟ್ಟವಾಗಿದ್ದರೆ ಫೋಟೋ ಮೂಡುವುದಕ್ಕೆ ಒಂದೂವರೆ ನಿಮಿಷ ಹಿಡಿಯುತ್ತದೆ. ಅಷ್ಟು ಹೊತ್ತಿನಲ್ಲಿ ಓಡಾಡುವವರು ಮೂಡುವುದಿಲ್ಲ, ಅಲ್ಲಾಡದೆ ಇರುವವರು ಮಾತ್ರ ಮೂಡುತ್ತಾರೆ. ನಾನು ಇಷ್ಟೂ ಬಿಡಿಸಿ ಹೇಳಿದರೆ ಬ್ರೋಕರಿಗೆ ಇದರಲ್ಲಿ ಮೊದಲರ್ಧ ಮಾತ್ರ ಕಿವಿಗೆ ಬಿತ್ತು. ನೀನೇ ಬಂದು ತೆಗಿ ಅಂತ ನನ್ನನ್ನು ಕಾರಿಗೆ ಹತ್ತಿಸಿಕೊಂಡರು.

ಹೋಗಿ ನೋಡಿದರೆ ಸಮಸ್ಯೆ ಬೇರೆ. ಸುತ್ತಲ ಜಮೀನೆಲ್ಲ ಇವರ ಕೈಗೆ ಬಂದಿದೆ, ರಸ್ತೆ ಅಂಚಿನ ಒಂದು ಪಟ್ಟಿ ಬಂದಿಲ್ಲ. ಅದರ ಒಡತಿ ಒಬ್ಬ ಅಜ್ಜಿ. ಮಾರಲ್ಲ ಅಂದಿದ್ದಾಳೆ. ದಿನವೂ ಬಂದು ಬದುವಿನ ಕಲ್ಲಿನ ಮೇಲೆ ಕೂರುತ್ತಾಳೆ, ಪಕ್ಕದಲ್ಲಿ ಅವಳ ಎಮ್ಮೆ. ಬ್ರೋಕರ್ ಅವಳ ಮೂಗಿನ ಮುಂದೆಯೇ ಲೇಔಟಿನ ದೊಡ್ಡ ಬೋರ್ಡು ನೆಟ್ಟಿದ್ದಾರೆ. ಫೋಟೋದಲ್ಲಿ ಬೋರ್ಡಿರಬೇಕು, ಪಕ್ಕದಲ್ಲಿ ತಾವಿರಬೇಕು, ಅಜ್ಜಿ ಇರಬಾರದು.

ಮಧ್ಯಾಹ್ನದ ಬಿಸಿಲು. ಸಾವಿರದ ಗಾಜಿನ ಮೇಲೆ ಎಂಟರದ್ದನ್ನೂ ತಿರುಪಿ, ಕ್ಯಾಮರಾವನ್ನು ಸ್ಟ್ಯಾಂಡಿಗೆ ಹಾಕಿದೆ. ಮೋರಿ ತೋಡುವವರು ಮಣ್ಣು ಹೊತ್ತು ಓಡಾಡುತ್ತಿದ್ದರು. ಒಂದು ಕುರಿ ಮಂದೆ ಹಾದುಹೋಗುತ್ತಿತ್ತು.

ಬ್ರೋಕರ್ ಅಜ್ಜಿಯ ಹತ್ತಿರ ಹೋದರು. "ಅಜ್ಜಿ, ಎರಡು ನಿಮಿಷ ಹಂಗೇ ಆ ಕಡೆ ಈ ಕಡೆ ಓಡಾಡು."

"ಯಾಕಪ್ಪಾ?"

"ಓಡಾಡಿದ್ರೆ ನೀನು ಫೋಟೋದಲ್ಲಿ ಬರಲ್ಲ." ಅಂಥ ಜಾಣರು ಅವರು.

ಅಜ್ಜಿ ನನ್ನ ಕಡೆ ತಿರುಗಿದಳು. "ಅಲ್ಲಾಡದೆ ಕೂತ್ರೆ?"

"ಚೆನ್ನಾಗಿ ಬರ್ತೀಯ ಅಜ್ಜಿ."

ಅವಳು ಸೆರಗು ಸರಿಮಾಡಿಕೊಂಡಳು. ಎಲೆಅಡಿಕೆ ಉಗಿದು ಬಾಯಿ ಒರೆಸಿಕೊಂಡು, ಮಂಡಿಯ ಮೇಲೆ ಎರಡೂ ಕೈಯಿಟ್ಟು ಕೂತಳು. ಕೂತಿದ್ದ ಕಲ್ಲೇ ಅವಳಿಗಿಂತ ಜಾಸ್ತಿ ಅಲ್ಲಾಡುತ್ತಿತ್ತೇನೋ.

ಬ್ರೋಕರ್ ಬಿಳಿ ಅಂಗಿ ಎಳೆದುಕೊಂಡು ಬೋರ್ಡಿನ ಪಕ್ಕ ನಿಂತರು. ನಾನು ಬಟನ್ ಒತ್ತಿದೆ. ಒತ್ತುತ್ತಲೇ ಅವರ ಫೋನು ಬಡಕೊಂಡಿತು. ಈ ಕಸುಬಿನವರು ನಿಂತಲ್ಲಿ ನಿಂತು ಫೋನಿನಲ್ಲಿ ಮಾತಾಡಿದ್ದನ್ನು ನಾನು ನೋಡಿಲ್ಲ. ಕೈ ಬೀಸುತ್ತಾ ರಸ್ತೆವರೆಗೆ ಹೋದರು, ಬಂದರು, ಮತ್ತೆ ಹೋದರು. ನಾನು ಕೂಗಿ ನಿಲ್ಲಿಸಬಹುದಿತ್ತು. ನಿಲ್ಲಿಸಲಿಲ್ಲ.

ಫೋಟೋ ಮೂಡಿತು. ಕೂಲಿಯವರು ಇಲ್ಲ, ಕುರಿ ಇಲ್ಲ, ಬ್ರೋಕರೂ ಇಲ್ಲ. ಸ್ವಚ್ಛ ನೆಲ, ಬೋರ್ಡು, ಅದರ ಪಕ್ಕಕ್ಕೆ ಗಾಂಭೀರ್ಯದಿಂದ ಕೂತ ಅಜ್ಜಿ, ಮಲಗಿದ ಎಮ್ಮೆ. ಮೆಲುಕು ಹಾಕುತ್ತಿದ್ದ ಎಮ್ಮೆಯ ಮೂತಿ ಮಾತ್ರ ಕೊಂಚ ಕಲಸಿಹೋಗಿತ್ತು.

ಬ್ರೋಕರ್ ಬಹಳ ಹೊತ್ತು ನೋಡಿ, "ನಾನೆಲ್ಲಪ್ಪಾ?" ಅಂದರು.

ಹೊಗೆಯಂತೆ ತೇಲುತ್ತಿದ್ದ ಒಂದು ಬಿಳಿ ಕಲೆಯನ್ನು ಬೆರಳಿಟ್ಟು ತೋರಿಸಿದೆ.

ಅಜ್ಜಿಯೂ ಬಂದು ಬಗ್ಗಿ ನೋಡಿದಳು. ಅವಳಿಗೆ ಓದಲು ಬಾರದು. "ಆ ಬೋರ್ಡಲ್ಲಿ ಏನು ಬರೆದೈತಪ್ಪ?"

"ಸೈಟು ಬೇಕಾದವರು ಮಾಲೀಕರನ್ನು ಕಾಣಿ ಅಂತ ಅಜ್ಜಿ."

ಅವಳು ಫೋಟೋ ಇನ್ನೊಮ್ಮೆ ನೋಡಿದಳು. "ಚೆನ್ನಾಗೇ ಕಾಣ್ತಾ ಇದೀನಲ್ಲ" ಅಂದಳು.