ಹ್ಯೂಬರ್ಟನ ಬ್ಯಾಟರಿ ಸಾಲಿನಲ್ಲಿ ಬಂದ ಸಂಜೆ

"ಮೇವಿಸ್, ಬರೆದಿಟ್ಕೋ! ಈ ಸಲ ಬಾಣಬಿರುಸಿನ ಎಂಥಾ ಫೋಟೊ ತೆಗೀತೀನಿ ಅಂದ್ರೆ, ಊರಿಗೆ ಊರೇ ಬಾಯಿ ಬಿಟ್ಕೊಂಡು ನೋಡ್ಬೇಕು!"

ಟ್ರೈಪಾಡನ್ನು ಹೆಗಲಿಗೇರಿಸಿಕೊಂಡ ಹ್ಯೂಬರ್ಟನ ಠೀವಿ ನೋಡಿದರೆ ದಂಡಯಾತ್ರೆಗೆ ಹೊರಟ ಸೇನಾಪತಿಯೇ ಸರಿ! ಅವನ ಹೆಂಡತಿ ಮಾತ್ರ ಕೈಚೀಲದೊಳಗೆ ಏನನ್ನೋ ತಡಕಾಡುತ್ತಿದ್ದಳು.

"ಹೋದ ವರ್ಷವೂ ಇದನ್ನೇ ಹೇಳಿದ್ದೆ. ಬಂದಿದ್ದು ಯಾರದೋ ಟೋಪಿ."

"ಟೋಪಿ ಹಿಂದೆ ಬಾಣಬಿರುಸು ಇತ್ತಲ್ಲ!"

"ಇತ್ತೋ ಏನೋ. ಟೋಪಿಯನ್ನೇ ಕೇಳ್ಬೇಕು."

"ಅದಿರ್ಲಿ, ಬ್ಯಾಟರಿ?"

"ಒಂದು ಕ್ಯಾಮೆರಾಗೆ ಹಾಕಿದ್ದೀನಿ, ಇನ್ನೊಂದು ನನ್ನ ಚೀಲದಲ್ಲಿದೆ. ನಡಿ ಬಂಗಾರ," ಎಂದಳು ಮೇವಿಸ್, ಸ್ವಲ್ಪ ಜಾಸ್ತಿಯೇ ಸಿಹಿಯಾಗಿ.

ಇಂಗ್ಲೆಂಡಿನ ನಮ್ಮ ಈ ಕಡಲೂರಿನಲ್ಲಿ ಬೇಸಿಗೆಯ ಕೊನೆಯ ಶನಿವಾರ ಪಿಯರ್ ಎಂಬ ಕಡಲಸೇತುವೆಯ ಮೇಲೆ ಬಾಣಬಿರುಸು ಹಾರಿಸುತ್ತಾರೆ. ಇವರಿಬ್ಬರೂ ಮೊದಲ ಸಲ ಮಾತಾಡಿದ್ದೇ ಅದರ ಬೆಳಕಿನಲ್ಲಿ. ಆ ಬೆಳಕಿನ ಫೋಟೊ ತೂಗುಹಾಕಲೆಂದು ಮದುವೆಯಾದ ಹೊಸತರಲ್ಲಿ ಹ್ಯೂಬರ್ಟ್ ಗೋಡೆಗೆ ಮೊಳೆ ಹೊಡೆದ. ಮೊಳೆ ತುಕ್ಕು ಹಿಡಿಯಿತು, ಫೋಟೊ ಬರಲಿಲ್ಲ. ಮೇವಿಸ್‌ಗೆ ಫೋಟೊ ಬೇಕಾಗಿರಲೇ ಇಲ್ಲ. ಒಂದು ವರ್ಷವಾದರೂ ಅವನು ತನ್ನ ಪಕ್ಕ ನಿಂತು ನೋಡಲಿ ಎಂಬುದಷ್ಟೇ ಅವಳ ಆಸೆ. ಕೇಳಿದಾಗಲೆಲ್ಲ, "ಫೋಟೊ ಒಂದು ಬರ್ಲಿ, ಆಮೇಲೆ ನಿಲ್ತೀನಿ" ಎನ್ನುತ್ತಿದ್ದ.

ಇವರು ದಂಡೆ ಸೇರುವಾಗ ಮುಸ್ಸಂಜೆ. ಪಿಯರ್ ಕಡಲೊಳಕ್ಕೆ ಕಾಲು ಚಾಚಿ ಮಲಗಿತ್ತು. ಅದರ ತುದಿಯ ಜಯಂಟ್ ವೀಲ್‌ನ ದೀಪಗಳು ನೀರಿನಲ್ಲಿ ಕರಗಿ, ಬಣ್ಣಬಣ್ಣವಾಗಿ ತೇಲಿ ಬರುತ್ತಿದ್ದವು. ಮೇವಿಸ್ ಬಿಸಿ ಚಿಪ್ಸ್ ತರಲು ಹೋದಳು. ಹ್ಯೂಬರ್ಟ್ ಕಂಬಿಯ ಬಳಿ ಟ್ರೈಪಾಡ್ ಊರಿ, ಅಲುಗಾಡದೆ ನಿಂತ.

ನಮ್ಮೂರಲ್ಲಿ ಯಾರೇ ಆಗಲಿ ಹಾಗೆ ನೆಟ್ಟಗೆ ನಿಲ್ಲುವುದು ಅಪಾಯ! ಕೋಲು ಹಿಡಿದ ಯಜಮಾನರೊಬ್ಬರು ಬಂದು ಅವನ ಬೆನ್ನ ಹಿಂದೆ ನಿಂತರು. ಅವರ ಹಿಂದೆ ಇಬ್ಬರು ಅಕ್ಕತಂಗಿಯರು. ಅವರ ಹಿಂದೆ ಒಂದಿಡೀ ಸಂಸಾರ. ಸಾಲಿದೆ ಎಂದ ಮೇಲೆ ಮುಂದೆ ಏನೋ ಇದ್ದೇ ಇರಬೇಕಲ್ಲ! ನೋಡನೋಡುತ್ತಿದ್ದಂತೆ ಸಾಲು ಐಸ್‌ಕ್ರೀಂ ಅಂಗಡಿಯನ್ನೂ ದಾಟಿತು.

"ಇಲ್ಲಿ ಏನು ಕೊಡ್ತಾರೆ ಸರ್?" ಯಜಮಾನರು ಕೇಳಿದರು.

"ಏನೂ ಇಲ್ಲ. ನಾನು ಫೋಟೊ ತೆಗೀತಿದ್ದೀನಿ."

"ನಿಧಾನವಾಗಿ ತೆಗೀರಿ, ನಾವು ಕಾಯ್ತೀವಿ."

ಹ್ಯೂಬರ್ಟ್ ಗುಂಡಿ ಒತ್ತಿದ. ಕ್ಯಾಮೆರಾ ಒಮ್ಮೆ ಕೆಂಪಗೆ ಕಣ್ಣು ಮಿಟುಕಿಸಿ ನಿದ್ದೆಹೋಯಿತು. ಗಾಬರಿಯಿಂದ ತಿರುಗಿದರೆ, ಮೇವಿಸ್ ಚಿಪ್ಸ್ ಹಿಡಿದು ಸಾಲಿನ ಕಟ್ಟಕಡೆಯಲ್ಲಿ ವಿಧೇಯಳಾಗಿ ನಿಂತಿದ್ದಾಳೆ!

"ಮೇವಿಸ್! ಬ್ಯಾಟರಿ! ಓಡಿ ಬಾ!"

"ಹೇಗೆ ಬರ್ಲಿ? ಇಷ್ಟೊಂದು ಜನ ಮುಂದಿದ್ದಾರಲ್ಲ!"

"ನೀನು ನನ್ನ ಹೆಂಡ್ತಿ ಕಣೇ!"

"ಹೆಂಡ್ತಿಯಾದ್ರೆ ಸಾಲು ಮುರೀಬಹುದಾ?"

ಇಡೀ ಸಾಲು ಮೆಚ್ಚಿ ತಲೆದೂಗಿತು. ಕೊನೆಗೆ ಬ್ಯಾಟರಿ ಕೈಯಿಂದ ಕೈಗೆ ಹೊರಟಿತು.

"ಕ್ಷಮಿಸಿ, ಇದನ್ನ ಸ್ವಲ್ಪ ಮುಂದಕ್ಕೆ..."

"ಅಯ್ಯೋ, ಅದಕ್ಕೇನಂತೆ! ಥ್ಯಾಂಕ್ಸ್."

"ಛೆ ಛೆ, ನಾನು ನಿಮಗೆ ಥ್ಯಾಂಕ್ಸ್ ಹೇಳ್ಬೇಕು."

ಇಷ್ಟೆಲ್ಲ ಉಪಚಾರ ಮುಗಿಯದೆ ಬ್ಯಾಟರಿ ಒಂದು ಗೇಣೂ ಮುಂದೆ ಸರಿಯದು! ಅಷ್ಟರಲ್ಲಿ ಮೊದಲ ಬಾಣ ಸುಂಯ್ ಎಂದು ಮೇಲೇರಿತು. ತಡೆಯಲಾರದೆ ಹ್ಯೂಬರ್ಟ್ ಟ್ರೈಪಾಡ್ ಕಿತ್ತುಕೊಂಡು ಸಾಲಿನ ಪಕ್ಕದಲ್ಲೇ ಓಡಿದ. "ಬ್ಯಾಟರಿ ಯಾರ ಹತ್ರ ಇದೆ?" ಎಂದರೆ, "ಈಗಷ್ಟೇ ಮುಂದಕ್ಕೆ ಕೊಟ್ವಿ" ಎಂದರು ಎಲ್ಲರೂ. ಮೇವಿಸ್ ಬಳಿ ಬಂದು ತಿರುಗಿ ನೋಡಿದರೆ, ಕಂಬಿಯ ಬಳಿ ಯಜಮಾನರು ಒಂದು ಹೆಜ್ಜೆ ಮುಂದಿಟ್ಟು ನಿಂತಾಗಿತ್ತು. ಇನ್ನು ಸಾಲು ಮುರಿಯುವ ಧೈರ್ಯ ಅವನಿಗೂ ಇರಲಿಲ್ಲ.

ಆಕಾಶದಲ್ಲಿ ಚಿನ್ನದ ಹೂವು ಬಿರಿಯಿತು. ಎಸಳೆಸಳಾಗಿ, ಯಾವ ಅವಸರವೂ ಇಲ್ಲದೆ ಇಳಿಯಿತು. ಕೆಳಗಿನಿಂದ ಕಡಲೂ ಅಂಥದ್ದೇ ಒಂದನ್ನು ಮೇಲೆತ್ತಿ ಹಿಡಿಯಿತು. ಹಸಿರು, ಕೆಂಪು, ನೀಲಿ ಮೇವಿಸ್‌ಳ ಮುಖದ ಮೇಲೆ ಹಾದುಹೋದವು. ಮೊದಲ ಸಲ ಮಾತಾಡಿಸಿದಾಗ ಅವಳು ಹೀಗೆಯೇ ಕಂಡಿದ್ದಳು. ಹ್ಯೂಬರ್ಟ್‌ಗೆ ಕ್ಯಾಮೆರಾ ಮರೆತೇಹೋಯಿತು.

"ಪ್ರತಿ ವರ್ಷವೂ ಹೀಗೇ ಇರುತ್ತಾ?"

"ನನಗೇನು ಗೊತ್ತು? ನಾನು ನೋಡ್ತಿದ್ದಿದ್ದು ನಿನ್ನ ಬೆನ್ನು."

ಅವನು ಟ್ರೈಪಾಡ್ ಕೆಳಗಿಟ್ಟ. ಅವಳ ಕೈ ಹಿಡಿದುಕೊಂಡ. ಕೊನೆಯ ಕಿಡಿ ನೀರಿಗೆ ಬೀಳುವವರೆಗೂ ಬಿಡಲಿಲ್ಲ.

ಹೊಗೆ ಚದುರುವ ಹೊತ್ತಿಗೆ ಮುಂದಿದ್ದ ಹೆಂಗಸು ತಿರುಗಿದಳು. ಬ್ಯಾಟರಿ ಸಾಲಿನ ತಲೆ ಮುಟ್ಟಿ, ಅಲ್ಲಿ ವಾರಸುದಾರನಿಲ್ಲವೆಂದು ಅಷ್ಟೇ ಮರ್ಯಾದೆಯಿಂದ ಕೈಯಿಂದ ಕೈಗೆ ವಾಪಸು ಬಂದಿತ್ತು!

"ಕ್ಷಮಿಸಿ, ಇದು ನಿಮ್ಮದಂತೆ. ತಡ ಆಗ್ಲಿಲ್ಲ ತಾನೆ?"

"ಇಲ್ಲ ಇಲ್ಲ, ಥ್ಯಾಂಕ್ಸ್," ಎಂದು ಹ್ಯೂಬರ್ಟ್ ಅದನ್ನು ಕ್ಯಾಮೆರಾಗೆ ಹಾಕಿದ. "ನಿಂದಾದ್ರೂ ಒಂದು ಫೋಟೊ ತೆಗೀತೀನಿ, ನಗು."

ಮೇವಿಸ್ ಆಗಲೇ ನಗುತ್ತಿದ್ದಳು. ಕ್ಯಾಮೆರಾ ಕೆಂಪಗೆ ಕಣ್ಣು ಮಿಟುಕಿಸಿ ಮತ್ತೆ ನಿದ್ದೆಹೋಯಿತು.

"ಅಯ್ಯೋ! ಇದೂ ಖಾಲಿ ಕಣೇ!"

"ಗೊತ್ತು," ಎಂದಳು ಮೇವಿಸ್. "ಚಿಪ್ಸ್ ತಿನ್ನು, ಆರೋಗ್ತಿದೆ."