ನಲವತ್ತು ತಲೆಗೆ ಟೋಪಿ

ಹೆಂಡತಿಗೆ ಫೋನು ಮಾಡುವಾಗ ಪೈಪಣ್ಣ ದನಿ ಸ್ವಲ್ಪ ತಗ್ಗಿಸಿದ್ದರೆ ಆ ದಿನ ಕಾಲೊನಿಯಲ್ಲಿ ಯಾವ ರಾದ್ಧಾಂತವೂ ಆಗುತ್ತಿರಲಿಲ್ಲ. ಆದರೆ ನೀರಿನ ಮೋಟಾರಿನ ಪಕ್ಕ ಹತ್ತು ವರ್ಷ ಕಳೆದವನಿಗೆ ಪಿಸುಮಾತು ಎಲ್ಲಿಂದ ಬರಬೇಕು?

ಪೈಪಣ್ಣ ಎಂಬುದು ಕಾಲೊನಿಯವರಿಟ್ಟ ಹೆಸರು. ಅವನು ಅಲ್ಲಿನ ಪಾರ್ಕಿನ ಮಾಲಿ. ಪಾರ್ಕೆಂದರೆ ಸುತ್ತ ನಲವತ್ತು ಮನೆ, ನಡುವೆ ಒಂದು ಹುಲ್ಲುಹಾಸು, ಅದರಲ್ಲಿ ಮನೆಗೊಂದರಂತೆ ನಲವತ್ತು ಸ್ಪ್ರಿಂಕ್ಲರ್. ನೀರು ಚಿಮ್ಮುವ ಅದರ ಪ್ಲಾಸ್ಟಿಕ್ ತುದಿಗೆ ಫಿಟ್ಟರುಗಳು ‘ತಲೆ’ ಎನ್ನುತ್ತಾರೆ; ಪೈಪಣ್ಣನೂ ಹಾಗೇ ಅನ್ನುತ್ತಿದ್ದ. ಹೋದ ಬೇಸಿಗೆಯ ಬಿಸಿಲಿಗೆ ಹದಿನೇಳು ತಲೆ ಸೀಳಿದ್ದವು. ಈ ಸಲವೂ ಹಾಗಾದರೆ ಹುಲ್ಲು ಕಿತ್ತು ಸಿಮೆಂಟು ಹಾಕಿಸುತ್ತೇನೆ ಎಂದು ಕಾಲೊನಿ ಸಂಘದ ಅಧ್ಯಕ್ಷರು ಹೇಳಿಬಿಟ್ಟಿದ್ದರು. ಅದು ತೀರ್ಮಾನವಾಗುವ ಸಭೆ ಅವತ್ತೇ ಸಂಜೆ. ಸಿಮೆಂಟು ಬಂದ ಮೇಲೆ ಮಾಲಿ ಯಾರಿಗೆ ಬೇಕು?

ಅವನನ್ನು ಮೆಚ್ಚಲೇಬೇಕು. ಯಾರನ್ನೂ ಕೇಳಲಿಲ್ಲ, ಯಾವ ಪುಸ್ತಕವನ್ನೂ ಓದಲಿಲ್ಲ. ಸೂರ್ಯ ಹುಟ್ಟುವ ಮೊದಲೇ ನೀರು ಬಿಟ್ಟು ಮುಗಿಸುತ್ತಿದ್ದ. ನಿಂತ ನೀರು ಕಾದರೆ ಪೈಪು ಮೆತ್ತಗಾಗುತ್ತದೆಂದು ತಾನೇ ಮುಟ್ಟಿ ನೋಡಿ ತಿಳಿದುಕೊಂಡು, ಬಿಸಿಲೇರುವಷ್ಟರಲ್ಲಿ ಪೈಪು ಖಾಲಿ ಮಾಡುತ್ತಿದ್ದ. ನೆಲದ ಮೇಲೆ ಹಾದುಹೋದ ಪೈಪಿಗೆ ಕೈಕೂಸಿಗೆ ಸುತ್ತಿದಂತೆ ಗೋಣಿತಾಟು ಸುತ್ತಿದ್ದ. ಹಳೆಯ ಟೂತ್‌ಬ್ರಷ್ಷಿನಿಂದ ಒಂದೊಂದು ತೂತಿನ ಮರಳನ್ನೂ ತಿಕ್ಕಿ ತೆಗೆಯುತ್ತಿದ್ದ. ಎಲ್ಲಕ್ಕಿಂತ ಹೆಚ್ಚಾಗಿ, ಪಂಪ್‌ಹೌಸಿನ ಹಿಂದೆ ಬಿದ್ದಿದ್ದ ಮಣ್ಣಿನ ಹೂಕುಂಡಗಳನ್ನು ತೊಳೆದು, ಬಿಸಿಲಿರುವಷ್ಟು ಹೊತ್ತೂ ತಲೆಗೊಂದರಂತೆ ಬೋರಲು ಹಾಕುತ್ತಿದ್ದ. ಅವನ ಬಾಯಲ್ಲಿ ಅದರ ಹೆಸರು ಟೋಪಿ. ಹಗಲೆಲ್ಲ ಪರದೆ ಎಳೆದುಕೊಂಡು ಫ್ಯಾನಿನ ಕೆಳಗೆ ಕೂತ ಕಾಲೊನಿಗೆ ಇದ್ಯಾವುದೂ ಗೊತ್ತಿರಲಿಲ್ಲ. ಅವರು ಸಂಜೆ ಗಾಳಿಗೆ ಹೊರಬರುವ ಮೊದಲೇ ಅವನು ಕುಂಡಗಳನ್ನು ತೆಗೆದಿಡುತ್ತಿದ್ದ.

ಅವತ್ತು ಬೆಳಿಗ್ಗೆ ಹತ್ತು ಗಂಟೆಗೆ ಪಂಪ್‌ಹೌಸಿನಲ್ಲಿ ನಿಂತು ಹೆಂಡತಿಗೆ ಧೈರ್ಯ ಹೇಳುತ್ತಿದ್ದ.

“ನೀನೇನೂ ಯೋಚ್ನೆ ಮಾಡ್ಬೇಡ ಕಣೇ. ನಲವತ್ತು ತಲೆಗೂ ಟೋಪಿ ಹಾಕಿ ಆಯ್ತು! ಇಲ್ಲ, ಒಬ್ರಿಗೂ ಗೊತ್ತಿಲ್ಲ. ಹದಿನೈದು ದಿನದಿಂದ ದಿನಾ ಹಾಕ್ತಿದೀನಿ. ಅಧ್ಯಕ್ಷರ ಮನೆ ಮುಂದಿರೋದಾ? ಅದು ಸ್ವಲ್ಪ ದಪ್ಪ ತಲೆ, ಅದಕ್ಕೆ ದೊಡ್ಡ ಟೋಪೀನೇ ಬೇಕಾಯ್ತು!”

ಗೋಡೆಯಾಚೆ ಮೂಲೆಮನೆಯ ಟೀಚರಮ್ಮ ಬಟ್ಟೆ ಒಣಹಾಕುತ್ತಿದ್ದರು. ಕೈಯಲ್ಲಿದ್ದ ಒದ್ದೆ ದಿಂಬಿನ ಚೀಲವನ್ನು ಹೆಗಲ ಮೇಲೆ ಹಾಕಿಕೊಂಡೇ ಪಕ್ಕದ ಮನೆಯ ನಿವೃತ್ತ ಮ್ಯಾನೇಜರರ ಬಾಗಿಲು ಬಡಿದರು.

“ಕೇಳಿದ್ರಾ? ಪೈಪಣ್ಣ ನಲವತ್ತು ಮನೆಗೂ ಟೋಪಿ ಹಾಕಿದಾನಂತೆ! ಅವನ ಬಾಯಿಂದಾನೇ ಕೇಳಿದೆ.”

“ನಂಗೆ ಆವಾಗ್ಲೇ ಅನುಮಾನ ಬಂದಿತ್ತು ನೋಡಿ,” ಎಂದರು ಮ್ಯಾನೇಜರು. “ಹೋದ ವಾರ ನನ್ನ ಏಣಿ ಇಸ್ಕೊಂಡು ಹೋಗಿ, ಮಾರನೇ ದಿನಾನೇ ತಂದುಕೊಟ್ಟ.”

“ತಂದುಕೊಟ್ಟಿದ್ರಲ್ಲಿ ಏನ್ರೀ ಅನುಮಾನ?”

“ಈ ಕಾಲದಲ್ಲಿ ಯಾರ್ರೀ ಏಣಿ ವಾಪಸ್ ಕೊಡ್ತಾರೆ? ನಂಬಿಕೆ ಹುಟ್ಟಿಸೋಕೆ ಮಾಡಿದ ನಾಟಕ ಅದು.”

ಮೂರನೇ ಮನೆಯ ಹಲ್ಲಿನ ಡಾಕ್ಟರರಿಗೆ ವಿಷಯ ಮುಟ್ಟಿದಾಗ ಅವರ ಮುಖ ಬಿಳಿಚಿಕೊಂಡಿತು. “ಅಯ್ಯೋ, ನನ್ನ ಹತ್ರ ಹಳೇ ಬ್ರಷ್ಷು ಕೇಳಿ ಇಸ್ಕೊಂಡಿದ್ದ! ಅದ್ರಲ್ಲಿ ಏನೇನು ಮಾಡಿದಾನೋ!”

ಮಧ್ಯಾಹ್ನದ ಹೊತ್ತಿಗೆ ಇಲಿ ಹೋಯಿತೆಂದದ್ದು ಹುಲಿ ಹೋಯಿತೆಂದಾಗಿತ್ತು. ಕಳೆದ ಐದು ವರ್ಷದಲ್ಲಿ ಕಾಣೆಯಾದ ಚಮಚ, ಕೊಡೆ, ಬೆಕ್ಕು ಎಲ್ಲವೂ ಪೈಪಣ್ಣನ ಲೆಕ್ಕಕ್ಕೇ ಬಿದ್ದವು. ಸಂಜೆಯ ಸಭೆಯನ್ನು ಅಧ್ಯಕ್ಷರು ಎರಡು ಗಂಟೆಗೇ ತಮ್ಮ ಮನೆಯ ಹಾಲ್‌ನಲ್ಲಿ ಕರೆದರು. ಜನ ಕೊಡೆ ಹಿಡಿದು, ತಲೆ ತಗ್ಗಿಸಿಕೊಂಡು ಬಿಸಿಲಿನಲ್ಲಿ ಓಡಿ ಬಂದರು. ಪರದೆ ಎಳೆದ ಕತ್ತಲೆ ಹಾಲ್‌ನ ನಡುವೆ ಪೈಪಣ್ಣನನ್ನು ನಿಲ್ಲಿಸಿದರು.

“ನೀನು ಟೋಪಿ ಹಾಕಿರೋದು ನಿಜಾನೇನಯ್ಯ?”

ಪೈಪಣ್ಣನ ಮುಖ ಅರಳಿತು. ಅಂತೂ ತನ್ನ ಕೆಲಸ ಇವರ ಗಮನಕ್ಕೆ ಬಂತಲ್ಲ!

“ನಿಜ ಸಾರ್.”

“ನಲವತ್ತಕ್ಕೂ?”

“ನಲವತ್ತಕ್ಕೂ. ನಿಮ್ಮದಕ್ಕೇ ಮೊದಲು ಸಾರ್.”

ಕೂತವರೆಲ್ಲ ಗುಜುಗುಜು ಎಂದರು. ಅಧ್ಯಕ್ಷರು ಕೆಂಪಾದರು. “ಇದನ್ನ ಹೇಳೋಕೆ ನಾಚಿಕೆ ಆಗಲ್ವಾ ನಿಂಗೆ?”

“ನಾಚಿಕೆ ಯಾಕೆ ಸಾರ್? ಕಷ್ಟದ ಕೆಲಸ ಇದು. ಸುಮ್ನೆ ಹಾಕಿದ್ರೆ ಜಾರಿಬಿಡುತ್ತೆ. ಜಾರಿದ್ರೆ ಅದೇ ತಲೆಗೆ ಇನ್ನೊಂದ್ಸಲ ಹಾಕ್ಬೇಕು.”

“ಇನ್ನೊಂದ್ಸಲ ಬೇರೆ!” ಎಂದು ಟೀಚರಮ್ಮ ಕುರ್ಚಿಗೆ ಒರಗಿದರು.

“ಹೌದು ಮೇಡಂ. ನೋಡಬೇಕಾದ್ರೆ ಈ ಪರದೆ ಸರಿಸಿ, ಇಲ್ಲಿಂದಾನೇ ಕಾಣುತ್ತೆ.”

ಅಧ್ಯಕ್ಷರು ಸರ್ರನೆ ಪರದೆ ಎಳೆದರು. ಎದುರಿಗೆ ಹಸಿರು ಹುಲ್ಲು, ಅದರಲ್ಲಿ ಸಾಲುಸಾಲಾಗಿ ಬೋರಲು ಕೂತ ನಲವತ್ತು ಕುಂಡ. ಎಲ್ಲರೂ ಒಟ್ಟಿಗೆ ಹೊರಗೆ ನುಗ್ಗಿದರು. ಅಧ್ಯಕ್ಷರು ಬಗ್ಗಿ ತಮ್ಮ ಮನೆಯೆದುರಿನ ದೊಡ್ಡ ಕುಂಡ ಎತ್ತಿದರು. ಒಳಗಿನ ತಲೆ ಅಂಗಿಯ ಹೊಸ ಗುಂಡಿಯಂತೆ ಹೊಳೆಯುತ್ತಿತ್ತು. ಡಾಕ್ಟರರು ಪಕ್ಕದ್ದನ್ನು ಎತ್ತಿದರು, ಮ್ಯಾನೇಜರು ಅದರಾಚೆಯದನ್ನು. ನಲವತ್ತರಲ್ಲಿ ಒಂದೂ ಸೀಳಿರಲಿಲ್ಲ.

ಮೊದಲು ಚಪ್ಪಾಳೆ ತಟ್ಟಿದವರು ಟೀಚರಮ್ಮನೇ. ಅಷ್ಟೇ ಸಾಕಾಯಿತು, ಬೆಳಗಿನಿಂದ ಬೈದ ಬಾಯಿಗಳೆಲ್ಲ ಸೇರಿ ಪೈಪಣ್ಣನನ್ನು ಹೊಗಳಿ ಅಟ್ಟಕ್ಕೇರಿಸಿದವು. ಹೊಗಳಿಕೆ ಸುಳ್ಳಾಗಿರಲಿಲ್ಲ, ನಿಜವಾಗಿಯೂ ಎಲ್ಲರ ಮನಸ್ಸು ತುಂಬಿ ಬಂದಿತ್ತು. ಹುಲ್ಲು ಇರಲಿ, ಮಾಲಿಯೂ ಇರಲಿ ಎಂದು ಅಲ್ಲೇ ನಿಂತು ತೀರ್ಮಾನಿಸಿದರು. ಪೈಪಣ್ಣ ತೋಳಿನಿಂದ ಕಣ್ಣೊರೆಸಿಕೊಂಡ.

ಆಗ ಗೇಟಿನ ಕಡೆಯಿಂದ ಗಾರೆ ಮೇಸ್ತ್ರಿ ಕೂಗಿದ. ತೀರ್ಮಾನ ತಮ್ಮ ಕಡೆಗೇ ಆಗುತ್ತದೆಂದು ಅಧ್ಯಕ್ಷರು ಅವನನ್ನು ಮೊದಲೇ ಕರೆಸಿಬಿಟ್ಟಿದ್ದರು.

“ಸಾರ್, ಸಿಮೆಂಟು ಕಲಸಿಬಿಟ್ಟಿದೀನಿ. ಬೇಗ ಹೇಳಿ, ಗಟ್ಟಿಯಾಗ್ಬಿಡುತ್ತೆ!”

ಕಲಸಿದ್ದನ್ನು ಹಾಳು ಮಾಡುವುದು ಕಾಲೊನಿಯಲ್ಲಿ ಯಾರಿಗೂ ಒಗ್ಗದ ಮಾತು. ಅಧ್ಯಕ್ಷರು ಒಂದು ಗಳಿಗೆ ಯೋಚಿಸಿದರು. ಅವರ ಕಣ್ಣು ಹೊಳೆಯಿತು.

“ಟೋಪಿ ಜಾರುತ್ತೆ ಅಂತ ಇವನೇ ಹೇಳಿದ್ನಲ್ಲ! ಇಂಥ ಒಳ್ಳೆ ಕೆಲ್ಸ ಜಾರೋಕೆ ಬಿಡ್ಬೋದೇನ್ರೀ? ಮೇಸ್ತ್ರೀ, ಒಂದೊಂದು ಕುಂಡದ ಸುತ್ತಲೂ, ಮೇಲಿನ ತೂತಿಗೂ ಭದ್ರವಾಗಿ ಮೆತ್ತಿಬಿಡಿ.”

“ಸಾರ್, ಬೇಡ ಸಾರ್, ಅದನ್ನ ಮೆತ್ತಿದ್ರೆ...” ಎಂದ ಪೈಪಣ್ಣ.

“ನೋಡಿದ್ರಾ, ಎಷ್ಟು ಸಂಕೋಚ! ನಮಗೆ ಖರ್ಚಾಗುತ್ತೆ ಅಂತ ಒದ್ದಾಡ್ತಿದಾನೆ,” ಎಂದು ಮ್ಯಾನೇಜರು ಅವನ ಬೆನ್ನು ತಟ್ಟಿದರು. ಮತ್ತೆ ಚಪ್ಪಾಳೆ. ಅವನು ಇನ್ನೆರಡು ಸಲ ಬಾಯಿ ತೆರೆದ; ಎರಡು ಸಲವೂ ಚಪ್ಪಾಳೆಯೇ ಗೆದ್ದಿತು. ಸಂಜೆಯ ಹೊತ್ತಿಗೆ ನಲವತ್ತು ಕುಂಡವೂ ಕಲ್ಲಿನಂತೆ ಕೂತಿದ್ದವು. ಮನೆಯವರು ತಮ್ಮ ತಮ್ಮ ಮನೆ ನಂಬರನ್ನು ಚಂದವಾಗಿ ಬಣ್ಣದಲ್ಲಿ ಬರೆದರು. ಟೋಪಿಗೆ ಕೈ ಹಾಕಿದವರು ಕಾಲೊನಿಯಲ್ಲಿ ಇರತಕ್ಕದ್ದಲ್ಲ ಎಂದು ಠರಾವೂ ಆಯಿತು.

ಮರುದಿನ ಸೂರ್ಯ ಹುಟ್ಟುವ ಮೊದಲೇ ಪೈಪಣ್ಣ ವಾಲ್ವು ತಿರುಗಿಸಿದ. ನಲವತ್ತು ಕುಂಡಗಳ ಒಳಗೆ ಗುಳುಗುಳು ಸದ್ದಾಯಿತು. ಹುಲ್ಲಿನ ಮೇಲೆ ಒಂದು ಹನಿಯೂ ಬೀಳಲಿಲ್ಲ. ವಾಕಿಂಗಿಗೆ ಹೊರಟ ಅಧ್ಯಕ್ಷರು ನಿಂತು ಹೆಮ್ಮೆಯಿಂದ ನೋಡಿದರು.

“ಇನ್ನು ನೂರು ಬೇಸಿಗೆ ಬರ್ಲಿ ಪೈಪಣ್ಣ, ಒಂದು ತಲೆಗೂ ಏನೂ ಆಗಲ್ಲ!”

“ಏನೂ ಆಗಲ್ಲ ಸಾರ್,” ಎಂದು ಪೈಪಣ್ಣ ಎರಡು ಬಕೆಟ್ಟು ಎತ್ತಿಕೊಂಡು ನಲ್ಲಿಯ ಕಡೆ ನಡೆದ.