ಚಿಕ್ಕಪ್ಪನ ಸರ್ಕಾರಿ ಕ್ಯಾಸೆಟ್ಟು

ನಮ್ಮ ಚಿಕ್ಕಪ್ಪ ಈ ಜಗತ್ತಿನಲ್ಲಿ ಹೆದರದೇ ಇದ್ದ ಪ್ರಾಣಿ ಒಂದೇ, ತಿಮಿಂಗಿಲ. ಅದೂ ಹೊನ್ನಾಳಿಯ ಹೊಳೆಗೆ ಅದು ಬರಲಾರದು ಅನ್ನುವ ಧೈರ್ಯದ ಮೇಲೆ! ಮಳೆಗಾಲದಲ್ಲಿ ತುಂಗಭದ್ರೆ ತುಂಬಿ ಬಂದಾಗ ಆ ಧೈರ್ಯವೂ ಸ್ವಲ್ಪ ಅಲುಗುತ್ತಿತ್ತೆಂದು ಚಿಕ್ಕಮ್ಮ ಹೇಳುತ್ತಿದ್ದಳು.

ಚಿಕ್ಕಪ್ಪ ಹೈಸ್ಕೂಲಿನಲ್ಲಿ ಗಣಿತದ ಮೇಷ್ಟ್ರು. ಪಿಯುಸಿ ಓದಲು ನಾನು ಅವರ ಮನೆಯಲ್ಲಿದ್ದೆ, ಹಾಗಾಗಿ ಇದೆಲ್ಲ ಕಣ್ಣಾರೆ ಕಂಡದ್ದು. ಮನೆಗೆ ಬೀಗ ಹಾಕಿದರೆ ಏಳು ಸಲ ಜಗ್ಗುವರು. ಬಸ್ ಸ್ಟ್ಯಾಂಡ್ ಮುಟ್ಟಿದ ಮೇಲೆ ಎಂಟನೆಯ ಸಲ ಜಗ್ಗಲು ವಾಪಸ್ ಬರುವರು. ಎದುರುಮನೆಯ ಅಜ್ಜ ಕಟ್ಟೆಯ ಮೇಲೆ ಕೂತು, "ಮೇಷ್ಟ್ರೇ, ಕಳ್ಳ ಬಂದ್ರೂ ಇಷ್ಟು ಜಗ್ಗಾಕಿಲ್ರಿ!" ಎನ್ನುತ್ತಿದ್ದ. ಒಂದು ದಿನ ಬೀಗದ ಜೊತೆ ಕೊಂಡಿಯೇ ಕಿತ್ತು ಕೈಗೆ ಬಂತು. ನಾಚಿಕೊಂಡರೆ? ಎಲ್ಲಿಯ ಮಾತು! "ನೋಡ್ದ್ಯಾ? ಜಗ್ಗಿದ್ದಕ್ಕೇ ಗೊತ್ತಾತು, ಕೊಂಡಿ ಗಟ್ಟಿ ಇಲ್ಲ ಅಂತ!"

ಇಂಥ ಮನುಷ್ಯನ ಕೈಗೆ, ಎಂಬತ್ತರ ದಶಕದ ನಡುವೆ, ಸರ್ಕಾರ ಒಂದು ಕಂಪ್ಯೂಟರ್ ಕೊಟ್ಟಿತು. ಹೆಡ್‌ಮಾಸ್ತರರು ತಮ್ಮ ಸಹಿ ಎಲ್ಲಿಯೂ ಬೀಳದಂತೆ ಜಾಣತನದಿಂದ ಅದನ್ನು ಚಿಕ್ಕಪ್ಪನ ತಲೆಗೆ ಕಟ್ಟಿದರು.

ಈಗಿನಂಥ ಕಂಪ್ಯೂಟರ್ ಅಲ್ಲ ಅದು. ಕರೆಂಟು ಹೋದರೆ ಕಲಿತದ್ದನ್ನೆಲ್ಲ ಮರೆತು ಕೂರುತ್ತಿತ್ತು. ಮಗ್ಗಿ ಕೇಳುವ ಪ್ರೋಗ್ರಾಮು, ನಕ್ಷೆ ಬಿಡಿಸುವ ಪ್ರೋಗ್ರಾಮು ಎಲ್ಲವೂ ಇದ್ದದ್ದು ಒಂದು ಕ್ಯಾಸೆಟ್ಟಿನಲ್ಲಿ, ಥೇಟು ಹಾಡಿನ ಕ್ಯಾಸೆಟ್ಟಿನಂಥದೇ. ಅದನ್ನು ಟೇಪ್ ರೆಕಾರ್ಡರಿಗೆ ಹಾಕಿ, ಕಂಪ್ಯೂಟರಿಗೆ ವೈರು ಸಿಕ್ಕಿಸಿದರೆ ಕೆಲವು ನಿಮಿಷ ಸುಮ್ಮನೆ ಕೇಳಿಸಿಕೊಂಡು ಯಂತ್ರಕ್ಕೆ ವಿದ್ಯೆ ಬರುತ್ತಿತ್ತು. ನಮ್ಮ ಕ್ಲಾಸಿನ ಎಷ್ಟೋ ಜನಕ್ಕಿಂತ ವಾಸಿ! ಹಾಲಿನವನಿಗೆ ಬರೆದ ಚೀಟಿಗೂ ಕಾರ್ಬನ್ ಕಾಪಿ ಇಡುತ್ತಿದ್ದ ಚಿಕ್ಕಪ್ಪ ಈ ಕ್ಯಾಸೆಟ್ಟಿಗೆ ಮಾತ್ರ ಕಾಪಿ ಮಾಡಿರಲಿಲ್ಲ. ಯಾಕೆ? ಕಾಪಿ ಮಾಡುವಾಗ ಅಳಿಸಿಹೋದರೆ ಎಂಬ ಭಯ!

ಶಾಲೆಯಲ್ಲಿ ಬಿಟ್ಟರೆ ಇಲಿ, ಕಳ್ಳ, ಸಿಡಿಲು. ಆದ್ದರಿಂದ ಟೇಪ್ ರೆಕಾರ್ಡರು, ಕ್ಯಾಸೆಟ್ಟು ಎರಡೂ ದಿನಾ ಸಂಜೆ ಟವೆಲ್ಲಿನಲ್ಲಿ ಕೂಸಿನ ಹಾಗೆ ಸುತ್ತಿಸಿಕೊಂಡು ಮನೆಗೆ ಬರುತ್ತಿದ್ದವು. ಅಕ್ಕಿ ಡಬ್ಬಿಯ ಹಿಂದೆ ಅವುಗಳ ವಾಸ.

ಒಂದು ಭಾನುವಾರ ಚಿಕ್ಕಪ್ಪ ಚನ್ನಗಿರಿಗೆ ಯಾರದೋ ಗೃಹಪ್ರವೇಶಕ್ಕೆ ಹೋಗಿದ್ದರು. ಚಿಕ್ಕಮ್ಮ ಮೆಲ್ಲಗೆ ಕೇಳಿದಳು, "ಏ, ಅದ್ರಾಗೆ ನನ್ನ ದನಿ ಹಿಡಿಯಾಕೆ ಬರ್ತೈತೇನೆ? ನಾನು ಹಾಡಿದ್ರೆ ಹೆಂಗೆ ಕೇಳ್ತೈತೆ ಅಂತ ನೋಡ್ಬೇಕು."

ಚಿಕ್ಕಮ್ಮ ಹಾಡುತ್ತಾಳೆಂದೇ ನನಗೆ ಗೊತ್ತಿರಲಿಲ್ಲ. ಆ ಮನೆಯಲ್ಲಿ ಯಾರಾದರೂ ಗುನುಗಿದರೆ ಸಾಕು, "ಶ್! ಎಂಥದೋ ಸದ್ದು!" ಎಂದು ಚಿಕ್ಕಪ್ಪ ಕಿವಿ ನಿಮಿರಿಸುತ್ತಿದ್ದರು. ಕ್ಯಾಸೆಟ್ಟು ಹಾಕಿ ನೋಡಿದೆವು. ಹಂಚಿನ ಮೇಲೆ ಉಗುರು ಗೀರಿದಂತೆ ಕೀಂ, ಕರ್ರ್! "ಕೆಟ್ಟೋಗೈತೆ ಕಣೆ, ಪಾಪ" ಎಂದಳು ಚಿಕ್ಕಮ್ಮ. ಆ ಕರ್ಕಶವೇ ಕಂಪ್ಯೂಟರಿನ ವಿದ್ಯೆಯೆಂದು ನಮಗೇನು ಕನಸು ಬಿದ್ದಿತ್ತೆ? ನಾನು ಕೆಂಪು ಗುಂಡಿ ಒತ್ತಿದೆ. ಚಿಕ್ಕಮ್ಮ ತನ್ನ ತವರು ಬಸವಾಪಟ್ಟಣದ ಸೋಬಾನೆ ಪದಗಳನ್ನು ಒಂದರ ಹಿಂದೊಂದು ಹಾಡಿದಳು. ಎರಡೂ ಬದಿ ಮುಗಿದವು. ಅಷ್ಟು ಚೆನ್ನಾದ ದನಿ ಅಷ್ಟು ದಿನ ಎಲ್ಲಿ ಅಡಗಿತ್ತೋ!

ಮಾರನೆಯ ದಿನ ಚಿಕ್ಕಪ್ಪ ಸುಣ್ಣದ ಗೋಡೆಯ ಬಣ್ಣಕ್ಕೆ ತಿರುಗಿ ಮನೆಗೆ ಬಂದರು.

"ಪ್ರೋಗ್ರಾಮೆಲ್ಲಾ ಹೋತು! ಯಾವಳೋ ಕುಂತು ಹಾಡ್ತಾಳೆ ಅದ್ರಾಗೆ! ಬರೋ ಸೋಮವಾರ ಶಿವಮೊಗ್ಗದಿಂದ ಸಾಹೇಬ್ರು ಬರ್ತಾರೆ. ಮೆಷಿನ್ ನಡೀಲಿಲ್ಲ ಅಂದ್ರೆ ವಾಪಸ್ ತಗಂಡು ಹೋಗ್ತಾರೆ. ನನ್ನ ಸರ್ವೀಸ್ ಬುಕ್ಕಿಗೆ ಕೆಂಪು ಶಾಯಿ!"

ಯಾವಳೋ! ಹದಿನೆಂಟು ವರ್ಷ ಸಂಸಾರ ಮಾಡಿದ ಹೆಂಡತಿಯ ದನಿ ಅವರಿಗೆ ಗುರುತೇ ಸಿಕ್ಕಿರಲಿಲ್ಲ. ಚಿಕ್ಕಮ್ಮ ನನ್ನ ಮುಖ ನೋಡಿದಳು, ನಾನು ನೆಲ ನೋಡಿದೆ.

ಆ ವಾರ ಚಿಕ್ಕಪ್ಪನಿಗೆ ಅನ್ನ ಸೇರಲಿಲ್ಲ. ಬುಧವಾರ ನ್ಯಾಮತಿಯ ರೇಡಿಯೋ ರಿಪೇರಿಯವನ ಹತ್ತಿರ ಓಡಿದರು. ಅವನು ಕ್ಯಾಸೆಟ್ಟನ್ನು ತಿರುಗಾ ಮುರುಗಾ ನೋಡಿ, "ಸಾರ್, ಒಗೆದ ಅಂಗಿಯಿಂದ ಕೊಳೆ ವಾಪಸ್ ತೆಗಿಯಾಕೆ ಬರ್ತೈತಾ?" ಎಂದ.

ಚಿಕ್ಕಪ್ಪ ಗಂಭೀರವಾಗಿ ಕೇಳಿದರು, "ಸರಿಯಾಗಿ ಒಗೆದಿಲ್ಲ ಅಂದ್ರೆ?"

ಪುಣ್ಯಾತ್ಮ ನಗಲಿಲ್ಲ. "ಇಂಥದೇ ಕ್ಯಾಸೆಟ್ಟು ಬೇರೆ ಸ್ಕೂಲಿನಾಗೆ ಇದ್ರೆ, ಅದನ್ನ ಇದರ ಮೇಲೆ ಇಳಿಸ್ಕಳ್ರಿ" ಎಂದು ದಾರಿ ತೋರಿಸಿದ. ಜಗಳೂರಿನ ಶಾಲೆಗೂ ಕಂಪ್ಯೂಟರ್ ಬಂದಿತ್ತು. ಅಲ್ಲಿಯ ಮೇಷ್ಟ್ರು ತರಬೇತಿಯಲ್ಲಿ ಚಿಕ್ಕಪ್ಪನ ಪಕ್ಕ ಕೂತವರು.

ಶನಿವಾರ ಮಧ್ಯಾಹ್ನ ಚಿಕ್ಕಪ್ಪನೂ ನಾನೂ ಜಗಳೂರಿಗೆ ಹೊರಟೆವು. ಟೇಪ್ ರೆಕಾರ್ಡರ್ ಅವರ ತೊಡೆಯ ಮೇಲೆ, ಕ್ಯಾಸೆಟ್ಟು ನನ್ನ ಮಡಿಲಲ್ಲಿ. ದಾವಣಗೆರೆಯಲ್ಲಿ ಬಸ್ಸು ಬದಲಿಸಿದ ಮೇಲೆ ನನಗೆ ತಡೆಯಲಾಗಲಿಲ್ಲ. "ಚಿಕ್ಕಪ್ಪಾ, ಗುಂಡಿ ಒತ್ತಿದ್ದು ನಾನು. ಹಾಡಿದ್ದು ಚಿಕ್ಕಮ್ಮ."

ಬೈಗುಳಕ್ಕೆ ಕಾದೆ. ಅವರು ಕೇಳಿದ್ದು ಇಷ್ಟೇ, "ಅವಳು ಹಾಡ್ತಾಳಾ?"

ಜಗಳೂರಿನ ಮೇಷ್ಟ್ರು ಎರಡು ಟೇಪ್ ರೆಕಾರ್ಡರಿಗೆ ವೈರು ಕೊಟ್ಟು ಸಿದ್ಧರಾದರು. "ನಂಬರಿರೋ ನಿಮ್ಮ ಸರ್ಕಾರಿ ಕ್ಯಾಸೆಟ್ಟಿನ ಮೇಲೇ ಇಳಿಸಿಬಿಡಾನ್ರಿ. ಸಾಹೇಬ್ರಿಗೆ ಏನೂ ಗೊತ್ತಾಗಾಕಿಲ್ಲ. ಆ ಹಾಡು ಹೋಗ್ತೈತೆ, ಅಷ್ಟೆ."

"ತಡೀರಿ, ಒಂದು ಸಲ ಕೇಳ್ತೀನಿ" ಎಂದರು ಚಿಕ್ಕಪ್ಪ.

ಒಂದು ಬದಿ ಪೂರ್ತಿ ಕೇಳಿದರು. ತಿರುಗಿಸಿ ಇನ್ನೊಂದು ಬದಿ ಕೇಳಿದರು. ಸಂಜೆಯ ಬಸ್ಸು ತಪ್ಪೀತೆಂದು ನನಗೇ ಗಾಬರಿ, ಅವರು ಗಡಿಯಾರದ ಕಡೆ ತಿರುಗಲಿಲ್ಲ. ಕೊನೆಗೆ, "ಇದು ಯಾವತ್ತೂ ಅಳಿಸದಂಗೆ ಮಾಡಾಕೆ ಬರ್ತೈತೇನ್ರಿ?" ಎಂದು ಕೇಳಿದರು.

ಮೇಷ್ಟ್ರು ಕ್ಯಾಸೆಟ್ಟಿನ ಬೆನ್ನಿನ ಮೇಲಿದ್ದ ಎರಡು ಪುಟ್ಟ ಪ್ಲಾಸ್ಟಿಕ್ ಚೂರು ತೋರಿಸಿದರು. ಅವನ್ನು ಮುರಿದರೆ ಆಮೇಲೆ ರೆಕಾರ್ಡಿನ ಗುಂಡಿ ಒತ್ತಲು ಬರುವುದಿಲ್ಲ. "ಆದ್ರೆ ಇದು ಸರ್ಕಾರಿ ಮಾಲು ಕಣ್ರಿ! ಸಾಹೇಬ್ರು ನಂಬರ್ ನೋಡ್ತಾರೆ!"

ಚಿಕ್ಕಪ್ಪ ಜೇಬಿನಿಂದ ಪೆನ್ನು ತೆಗೆದರು. ಅದರ ತುದಿಯಿಂದ ಎರಡನ್ನೂ ಮುರಿದರು. ಪ್ರೋಗ್ರಾಮುಗಳನ್ನು ಪೇಟೆಯಲ್ಲಿ ಕೊಂಡ ಹೊಸ ಕ್ಯಾಸೆಟ್ಟಿಗೆ ಇಳಿಸಿಕೊಂಡೆವು.

ಸೋಮವಾರ ಕಂಪ್ಯೂಟರು ಮಗ್ಗಿ ಕೇಳಿತು, ಮಕ್ಕಳು ಹೇಳಿದರು. ಸಾಹೇಬರು ಯಂತ್ರವನ್ನು ಶಾಲೆಯಲ್ಲೇ ಬಿಟ್ಟರು. ಆದರೆ ನಂಬರಿನ ಕ್ಯಾಸೆಟ್ಟು ಕೇಳಿದಾಗ ಚಿಕ್ಕಪ್ಪ ಎದ್ದು ನಿಂತು, "ನನ್ನ ಕೈಯಿಂದ ಹಾಳಾತು ಸಾರ್, ಬರ್ಕಳ್ರಿ" ಎಂದರಂತೆ. ಸಾಹೇಬರು ಬರೆದುಕೊಂಡರು, ಕೆಂಪು ಶಾಯಿಯಲ್ಲೇ.

ಆ ಸಂಜೆ ಚಿಕ್ಕಪ್ಪ ಅಡುಗೆಮನೆಯ ಹೊಸ್ತಿಲ ಬಳಿ ಬಂದು ಕೂತರು. ಕ್ಯಾಸೆಟ್ಟನ್ನು ಚಿಕ್ಕಮ್ಮನ ಮುಂದಿಟ್ಟು, ತಲೆ ಎತ್ತದೆ, "ಇದ್ರಾಗೆ ಕೊನೇ ಪದ ಅರ್ಧಕ್ಕೆ ನಿಂತೈತೆ. ಟೇಪು ಮುಗಿದು ಹೋಗೈತೆ. ಉಳಿದದ್ದು ಹೆಂಗೆ?" ಎಂದು ಕೇಳಿದರು.

ಚಿಕ್ಕಮ್ಮ ನಾಚಿದಳು, ಬೇಡ ಎಂದಳು, ಆಮೇಲೆ ಗೋಡೆಯ ಕಡೆ ತಿರುಗಿ ಹಾಡಿದಳು. ಒಲೆಯ ಮೇಲೆ ಹಾಲು ಉಕ್ಕಿ ಸುರಿಯಿತು. ಚಿಕ್ಕಪ್ಪ ನೋಡಿದರು, ಆದರೆ ಎದ್ದೇಳಲಿಲ್ಲ.